ಒಂದೇ ಪಂಕ್ತಿಯ ಮಕ್ಕಳು

ನಮ್ಮ ಮಾವನವರು ವಿಷ್ಣುತೀರ್ಥ ರಾಯರು ಲಂಚ ಮುಟ್ಟಿದವರಲ್ಲ, ಸುಳ್ಳು ಹೇಳಿದವರಲ್ಲ, ಯಾರ ಮೇಲೂ ಕೈ ಎತ್ತಿದವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಹೇಳಲು ನನಗೆ ಮನಸ್ಸು ಬರುವುದಿಲ್ಲ. ಅವರು ಹೆದರುತ್ತಿದ್ದ ಪಾಪ ಒಂದೇ, ಪಂಕ್ತಿಭೇದ. ಊಟಕ್ಕೆ ಒಂದೇ ಸಾಲಿನಲ್ಲಿ ಕೂತವರಲ್ಲಿ ಒಬ್ಬರ ಎಲೆಗೆ ತುಪ್ಪ ಬಡಿಸಿ ಪಕ್ಕದವರ ಎಲೆ ದಾಟಿ ಹೋದರೆ ಬಡಿಸಿದವರೂ ಉಂಡವರೂ ನರಕಕ್ಕೆ ಹೋಗುತ್ತಾರೆಂದು ಅವರ ನಂಬಿಕೆ. ಸೌಟು ನನ್ನ ಕೈಯಲ್ಲಿದ್ದಾಗಲೆಲ್ಲ ಅವರ ಕಣ್ಣು ಸೌಟಿನ ಮೇಲೇ ಇರುತ್ತಿತ್ತು.

ಆ ನಂಬಿಕೆ ಅಡಿಗೆಮನೆಯಲ್ಲೇ ಉಳಿದಿದ್ದರೆ ನನ್ನ ತಕರಾರೇನೂ ಇರುತ್ತಿರಲಿಲ್ಲ. ಮದರಾಸಿನ ವಡಪಳನಿಯ ಮುರುಗನ ಗುಡಿಯ ಹಿಂದಿನ ಬೀದಿಯಲ್ಲಿ ನಮ್ಮ ಮನೆ. ಅಣ್ಣತಮ್ಮಂದಿರಿಬ್ಬರೂ ಒಂದೇ ಸೂರಿನಡಿ. ನನ್ನ ಗಂಡ ಗುರುಚರಣ ಬ್ಯಾಂಕಿನಲ್ಲಿ, ಮೈದುನ ಗಿರಿಧರ್ ವಿಮಾ ಕಂಪನಿಯಲ್ಲಿ. ಇಬ್ಬರ ಸಂಬಳವೂ ತಿಂಗಳ ಮೊದಲಿಗೆ ಮಾವನವರ ಕೈ ಸೇರುತ್ತಿತ್ತು, ಖರ್ಚೆಲ್ಲ ಅಲ್ಲಿಂದಲೇ. ದೀಪಾವಳಿಗೆ ಒಂದೇ ತಾನಿನ ಬಟ್ಟೆ ಹರಿಸಿ ಎಲ್ಲರಿಗೂ ಹೊಲಿಸುತ್ತಿದ್ದರು. ಹಬ್ಬದ ದಿನ ನಮ್ಮ ಗಂಡಸರು ಬ್ಯಾಂಡ್ ಸೆಟ್ಟಿನವರ ಹಾಗೆ ಕಾಣುತ್ತಿದ್ದರು. ತೊಂಬತ್ತೊಂಬತ್ತರಲ್ಲಿ ನನಗೆ ಅಜಿತ್ ಹುಟ್ಟಿದ. ಅದೇ ವರ್ಷ ನನ್ನ ಓರಗಿತ್ತಿ ಮಧುರಾಳಿಗೆ ಪ್ರೇರಣಾ ಹುಟ್ಟಿದಳು. ಒಂದು ತೊಟ್ಟಿಲಿದ್ದ ಮನೆಗೆ ಅದೇ ಬಣ್ಣದ ಇನ್ನೊಂದು ತೊಟ್ಟಿಲು ಬಂತು. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಹಚ್ಚುವ ಮನೆ ಇದಲ್ಲವೆಂದು ನಾನೂ ಆಗ ಹಿಗ್ಗಿದ್ದೆ.

ನಾನು ಗದಗಿನವಳು. ಇವರದು ಮದರಾಸಿನಲ್ಲಿ ಮೂರು ತಲೆಮಾರು ಕಳೆದ ಮನೆತನ. ಮಠದ ಆಚಾರ್ಯರೊಬ್ಬರು ಜಾತಕ ಕೂಡಿಸಿ ಕೊಟ್ಟ ಸಂಬಂಧ. ಮದುವೆಯಾಗಿ ಬಂದಾಗ ಅತ್ತೆ ಜಯಲಕ್ಷ್ಮಮ್ಮನವರ ಕನ್ನಡದಲ್ಲಿ ಅರ್ಧಕ್ಕರ್ಧ ತಮಿಳು ಕೇಳಿ ನಾನು ಕಂಗಾಲಾಗಿದ್ದೆ. ನನ್ನ ಕನ್ನಡ ಕೇಳಿ ಅವರೂ ಅಷ್ಟೇ. "ಸುಮತಿ ಕಾಫಿ ಬೇಕಾ ಅಂತ ಕೇಳಿದ್ರೂ ಸಂಡೆಗೆ ಬಂದ ಹಾಗೇ ಇರತ್ತೆ" ಎಂದು ಬಂದವರೆದುರಿಗೆಲ್ಲ ನಗುತ್ತಿದ್ದರು. ಸಂಡೆ ಅಂದರೆ ಜಗಳ, ಊಸಿ ಅಂದರೆ ಸೂಜಿ ಎಂದು ಕಲಿಯಲೂ ನನಗೆ ಒಂದು ವಾರ ಹಿಡಿಯಿತು. ಮಧುರಾ ಇದೇ ಊರಿನ ಮಾಧವರಂನಲ್ಲಿ ಹುಟ್ಟಿ ಬೆಳೆದವಳು. ತಮಿಳು ಅವಳ ಬಾಯಲ್ಲಿ ನೀರು ಹರಿದ ಹಾಗೆ. ರೇಷನ್ ಅಂಗಡಿ, ತರಕಾರಿಯವಳು, ಗ್ಯಾಸಿನವನು, ಎಲ್ಲರ ಹತ್ತಿರವೂ ನನ್ನ ಪರವಾಗಿ ಅವಳೇ ಮಾತಾಡುತ್ತಿದ್ದಳು. ನನ್ನನ್ನು ಅಕ್ಕಾ ಎನ್ನುತ್ತಿದ್ದಳು. ನಾನೂ ಅವಳನ್ನು ತಂಗಿಯ ಹಾಗೇ ಕಂಡಿದ್ದೆ.

ಮಾವನವರು ಆರೋಗ್ಯ ಇಲಾಖೆಯ ಲಸಿಕೆ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ಸಿಡುಬು ಹೋದದ್ದನ್ನು ಕಣ್ಣಾರೆ ಕಂಡವರು. ಪೋಲಿಯೋ ಹನಿ ಹಾಕುವ ಭಾನುವಾರ ಬಂದರೆ ಈಗಲೂ ಬೆಳಗಾಗೆದ್ದು ಸ್ನಾನ ಸಂಧ್ಯಾವಂದನೆ ಮುಗಿಸಿ ಬೀದಿ ತುದಿಯ ಶಾಮಿಯಾನದಲ್ಲಿ ಹೋಗಿ ಕೂರುತ್ತಿದ್ದರು, ಯಾರೂ ಕರೆಯದಿದ್ದರೂ. ಎರಡು ಮಕ್ಕಳನ್ನೂ ಒಟ್ಟಿಗೆ ಆಟೋದಲ್ಲಿ ಕಾರ್ಪೊರೇಷನ್ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಸಾಲಿನಲ್ಲಿ ನಿಲ್ಲಿಸಿ, ಸರ್ಕಾರ ಕೊಡುವ ಸೂಜಿಗಳನ್ನೆಲ್ಲ ಹೊತ್ತಿಗೆ ಸರಿಯಾಗಿ ಹಾಕಿಸಿದ್ದರು. ಅದರಲ್ಲಿ ಅವರನ್ನು ಮೀರಿಸುವವರು ಇರಲಿಲ್ಲ.

ಅಜಿತ್‌ಗೆ ಒಮ್ಮೆ ಕೆಮ್ಮಾಗಿ ಕೋಡಂಬಾಕ್ಕದ ಮಕ್ಕಳ ಡಾಕ್ಟರ ಹತ್ತಿರ ಒಯ್ದಾಗ ಅವರು, ಹಿಬ್ ಎಂಬ ಇನ್ನೊಂದು ಲಸಿಕೆ ಬಂದಿದೆ, ಮೆದುಳಿನ ಜ್ವರ ಬಾರದ ಹಾಗೆ ತಡೆಯುತ್ತದೆ ಎಂದರು. ಸರ್ಕಾರದಲ್ಲಿ ಕೊಡುವುದಿಲ್ಲ, ನೀವೇ ಕೊಂಡು ತರಬೇಕು. "ಆಪ್ಷನಲ್, ಇಷ್ಟ ಇದ್ರೆ ಹಾಕ್ಸಿ" ಎಂದು ಇಂಗ್ಲಿಷಿನಲ್ಲಿ ಹೇಳಿ ಮುಂದಿನ ಮಗುವನ್ನು ಕರೆದರು. ಹೋಟೆಲಿನವನು ಇಡ್ಲಿ ಇಟ್ಟು ವಡೆಯೂ ಬೇಕಾ ಎಂದು ಕೇಳುವ ಧಾಟಿಯಲ್ಲಿ. ಮೆದುಳಿನ ಜ್ವರದಲ್ಲಿ ಇಷ್ಟವೇನು, ಅನಿಷ್ಟವೇನು? ಬಾಯಿಬಿಟ್ಟು ಕೇಳೋಣವೆಂದರೆ ಅಷ್ಟರಲ್ಲಿ ಆ ಮಗು ಮೇಜಿನ ಮೇಲೆ ಮಲಗಿಯಾಗಿತ್ತು.

ಒಂದು ಸೂಜಿಯ ಬೆಲೆ ಹೆಚ್ಚುಕಡಿಮೆ ನಮ್ಮ ಮನೆಯ ತಿಂಗಳ ಹಾಲಿನ ಬಿಲ್ಲು. ಒಂದು ಮಗುವಿಗೆ ಮೂರು, ಮೇಲೊಂದು. ಮನೆಯಲ್ಲಿ ಮಕ್ಕಳು ಇಬ್ಬರು. ಸಂಜೆ ಮಾವನವರು ಪೇಪರ್ ಮಡಿಸಿಟ್ಟ ಮೇಲೆ ಕೇಳಿದೆ.

"ಮಾವಾರ, ಡಾಕ್ಟ್ರು ಇನ್ನೊಂದು ಸೂಜಿ ಹೇಳ್ಯಾರ. ಮೆದುಳಿಗೆ ಜ್ವರ ಏರಬಾರದಂತ."

"ಸರ್ಕಾರದ್ದಾ?"

"ಅಲ್ಲಂತ್ರೀ. ಹೊರಗ ಕೊಳ್ಳಬೇಕಂತ. ಆಪ್ಷನಲ್ ಅಂದ್ರು."

"ಆಪ್ಷನಲ್ ಅಂದ್ರೆ ಏನರ್ಥ? ಇಲ್ದಿದ್ರೂ ನಡೆಯತ್ತೆ ಅಂತ ತಾನೇ? ನಿಜವಾಗ್ಲೂ ಬೇಕಾದ ಊಸಿ ಆಗಿದ್ರೆ ಸರ್ಕಾರ ಸುಮ್ನೆ ಇರ್ತಿತ್ತಾ? ನಾನು ಆ ಇಲಾಖೇಲೇ ಇದ್ದವನು ಮಾ."

"ದುಡ್ಡಿಲ್ಲಂತ ಕೊಡಲಾರದ ಇರಬಹುದಲ್ರೀ."

ಅವರು ಕನ್ನಡಕ ತೆಗೆದರು. ಸಿಟ್ಟಿನಿಂದಲ್ಲ. ಅವರಿಗೆ ಪ್ರಿಯವಾದ ವಿಷಯ ಅದು, ಮೆಲ್ಲಗೆ ಬಿಡಿಸಿ ಹೇಳಿದರು. "ಇದೊಂದು ಊಸಿ ದುಡ್ಡಲ್ಲಿ ಒಂದು ಬೀದಿ ಮಕ್ಕಳಿಗೆ ದಡಾರದ ಊಸಿ ಹಾಕಬಹುದು. ದಡಾರಕ್ಕೆ ಸತ್ತ ಮಕ್ಕಳನ್ನ ನಾನು ಸಾಲಾಗಿ ಮಲಗಿಸಿದ್ದು ನೋಡಿದೀನಿ. ನೀ ನೋಡಿಲ್ಲ. ರಾಜ್ಯದ ಮಕ್ಕಳೆಲ್ಲ ಒಂದೇ ಪಂಕ್ತಿ. ಎಲ್ಲರ ಎಲೆಗೂ ಬರದೇ ಇರೋ ಪದಾರ್ಥ ಅಡಿಗೆಮನೇಲೇ ಇರಬೇಕು, ಪಂಕ್ತಿಗೆ ತರಬಾರದು."

"ಹಂಗಾದ್ರ ಎಲ್ಲಾರ ಎಲೀಗೂ ಬರೂಹಂಗ ಸರ್ಕಾರದವ್ರು ಮಾಡಬೇಕಲ್ರೀ. ತುಟ್ಟಿ ಅದ ಅಂತ ಯಾರಿಗೂ ಬಡಸದ ಬಿಡೂದು ಯಾವ ಧರ್ಮ?"

"ಮಾಡ್ತಾರೆ ಮಾ. ವಿಲೆ ಇಳೀಲಿ, ಖಂಡಿತ ಮಾಡ್ತಾರೆ."

"ರೇಟು ಇಳಿಯೂಮಟಾ ಮಕ್ಕಳು ಕಾಯ್ತಾವೇನ್ರೀ?"

ಅತ್ತೆ ಒಳಗಿಂದ, ಸಾಕು ಸುಮತಿ, ದೊಡ್ಡೋರ ಹತ್ರ ಏನದು ವಾದ, ಎಂದರು. ಮಾವನವರು ಕನ್ನಡಕ ಹಾಕಿಕೊಂಡು ಮತ್ತೆ ಪೇಪರ್ ಬಿಚ್ಚಿದರು. ಅಲ್ಲಿಗೆ ತೀರ್ಪಾಯಿತು. ನಮ್ಮ ಮನೆಯಲ್ಲಿ ಅವರೇ ಸರ್ಕಾರ, ಅವರ ಕೈಯಲ್ಲೇ ಖಜಾನೆ.

ಮಲಗುವ ಕೋಣೆಯಲ್ಲಿ ನಾನು ಗುರುಚರಣನ ಬೆನ್ನು ಬಿದ್ದೆ. ಬೋನಸ್ ಬರುತ್ತದಲ್ಲ, ಅದರಲ್ಲಿ ಹಾಕಿಸೋಣ, ಯಾರಿಗೂ ಹೇಳುವುದು ಬೇಡ. ಅದೂ ಇಲ್ಲವೆಂದರೆ ನನ್ನ ಕೈಯ ಬಳೆ ಇದೆ. ಅವನು ಕೆಟ್ಟವನಲ್ಲ, ಅಪ್ಪನ ಮಗ ಅಷ್ಟೆ. "ಪ್ರೇರಣಾಗೆ ಇಲ್ದೆ ಇವನಿಗೆ ಮಾತ್ರ ಕದ್ದು ಹಾಕ್ಸೋದಾ? ನಾಳೆ ಗೊತ್ತಾದ್ರೆ ಮಧುರಾ ಮುಖ ಹೇಗೆ ನೋಡ್ತೀಯ?" ಎಂದ. ಆ ಮಾತು ನನಗೆ ನಾಟಿತು. ನಿಜ, ಅವಳ ಮುಖ ನೋಡಿಕೊಂಡೇ ನಾನು ಅಡಿಗೆಮನೆಯಲ್ಲಿ ದಿನ ತೆಗೆಯಬೇಕು. ಅವಳ ಮಗುವಿಗೆ ಇಲ್ಲದ್ದು ನನ್ನ ಮಗುವಿಗೂ ಬೇಡ ಎಂದು ಸುಮ್ಮನಾದೆ.  ಮಧುರಾಳಿಗೆ ನೋವಾದೀತೆಂದು ನಾನು ಸುಮ್ಮನಾದೆ!

ಎರಡು ಸಾವಿರದ ಒಂದರ ಮೇ ತಿಂಗಳು. ಅಗ್ನಿ ನಕ್ಷತ್ರ ಎಂದು ಇಲ್ಲಿನವರು ಹೆದರುವ ಬಿಸಿಲಿನ ದಿನಗಳು. ಅಜಿತ್‌ಗೆ ಒಂದೂವರೆ ವರ್ಷ ದಾಟಿತ್ತು. ಮಾತು ಆಗಷ್ಟೇ ಮೊಳೆಯುತ್ತಿತ್ತು. ಅಮ್ಮಾ, ಬಾ, ಹಾಲು, ಕಾಕಾ, ಎಲ್ಲವೂ ನನ್ನ ಗದಗಿನ ರಾಗದಲ್ಲಿ. ಕಾಗೆ ಕಂಡರೆ "ಬಾರೋ" ಎನ್ನುತ್ತಿದ್ದ. ಅತ್ತೆ ಅದಕ್ಕೂ ನಗುತ್ತಿದ್ದರು. ಜ್ವರ ಬಂದಾಗ ಎಲ್ಲರೂ ಬಿಸಿಲಿನ ಝಳ ಎಂದರು. ಎಳನೀರು ಕುಡಿಸಿದೆವು, ಒದ್ದೆ ಬಟ್ಟೆ ಇಟ್ಟೆವು. ಮಾರನೆಯ ಬೆಳಿಗ್ಗೆ ಮಗು ತಲೆಯನ್ನು ಹಿಂದಕ್ಕೆ ಎಳೆದುಕೊಂಡು ಸೆಟೆದು ಮಲಗಿತ್ತು. ಎತ್ತಿಕೊಂಡರೆ ಕಿರುಚುತ್ತಿತ್ತು. ಗುರುಚರಣ ಚಪ್ಪಲಿ ಹಾಕಿಕೊಳ್ಳದೆ ಆಟೋ ಹಿಡಿಯಲು ಓಡಿದ.

ದೊಡ್ಡ ಆಸ್ಪತ್ರೆಯಲ್ಲಿ ಮಗುವನ್ನು ನನ್ನ ಕೈಯಿಂದ ತೆಗೆದುಕೊಂಡು ಒಳಗೆ ಹೋದರು. ಬೆನ್ನಿಗೆ ಸೂಜಿ ಚುಚ್ಚಿ ನೀರು ತೆಗೆಯುತ್ತಾರೆಂದರು. ಗುರುಚರಣ ಔಷಧಿ ಅಂಗಡಿಗೂ ಕೌಂಟರಿಗೂ ಓಡಾಡುತ್ತಿದ್ದ. ನಾನು ಹೊರಗೆ ಬೆಂಚಿನ ಮೇಲೆ. ಮಧುರಾ ಫ್ಲಾಸ್ಕಿನಲ್ಲಿ ಕಾಫಿ ತಂದು ನನ್ನ ಪಕ್ಕ ಕೂತಿದ್ದಳು. ನೆಲ ಒರೆಸುತ್ತಿದ್ದ ಆಯಾ ನನ್ನ ಮುಖ ನೋಡಿ ಮರುಗಿ ಕೇಳಿದಳು, ಒಳಗೆ ಹೋಗಿ ಬಂದು ಹೇಳಿದಳು: "ಮೂಳೈ ಕಾಯ್ಚಲ್ ಮಾ."

ಕಾಯ್ಚಲ್ ಅಂದರೆ ಜ್ವರ, ಅದು ನನಗೆ ಗೊತ್ತಿತ್ತು. ಮೂಳೆ ಗೊತ್ತಿಲ್ಲದ ಕನ್ನಡದವರುಂಟೇ? ನನ್ನ ಎದೆಯ ಮೇಲಿನ ಬಂಡೆ ಇಳಿದಂತಾಯಿತು. ಮೂಳೆಗೆ ಬಂದ ಜ್ವರ! ನಮ್ಮಣ್ಣ ಚಿಕ್ಕವನಿದ್ದಾಗ ಮರದಿಂದ ಬಿದ್ದು ಕಾಲು ಮುರಿದುಕೊಂಡು, ಪಟ್ಟಿ ಕಟ್ಟಿಸಿಕೊಂಡು, ಮತ್ತೆ ಅದೇ ಮರ ಹತ್ತಿದ್ದ. ನಾನು ಕಣ್ಣೊರೆಸಿಕೊಂಡು ಕಾಫಿ ಕುಡಿದೆ.

"ಸದ್ಯ, ಮಧುರಾ. ಬರೇ ಮೂಳಿ. ಅದು ಕೂಡಿಕೊಳ್ತದ."

ಮಧುರಾ ನನ್ನ ಮುಖವನ್ನೇ ನೋಡಿದಳು. ಆಮೇಲೆ ನನ್ನ ಮಣಿಕಟ್ಟು ಹಿಡಿದುಕೊಂಡಳು. "ಅಕ್ಕಾ, ತಮಿಳಲ್ಲಿ ಮೂಳೈ ಅಂದ್ರೆ ಎಲುಬಲ್ಲ. ಮೆದುಳು."

ನಾನು ಆಗಷ್ಟೇ ಬಾಯಿಗೆ ಬಿಟ್ಟುಕೊಂಡಿದ್ದ ಇನ್ನೊಂದು ಗುಟುಕನ್ನು ನುಂಗಲೂ ಇಲ್ಲ, ಉಗುಳಲೂ ಇಲ್ಲ. ಅಷ್ಟರಲ್ಲಿ ಡಾಕ್ಟರ್ ಹೊರಗೆ ಬಂದರು. ನಮ್ಮಿಬ್ಬರಲ್ಲಿ ತಮಿಳು ಯಾರಿಗೆ ಬರುತ್ತದೆಂದು ನೋಡಿಕೊಂಡು ಮಧುರಾಳ ಕಡೆಗೇ ತಿರುಗಿ ಹೇಳಿದರು, ಅವಳು ನನಗೆ ಕನ್ನಡದಲ್ಲಿ ದಾಟಿಸಿದಳು. ಮೆದುಳಿನ ಪೊರೆಗೆ ಸೋಂಕು ತಾಗಿದೆ. ಯಾವ ಕ್ರಿಮಿ ಎಂಬುದೂ ಗೊತ್ತಾಗಿದೆ. ಇದಕ್ಕೆ ಲಸಿಕೆ ಇದೆಯಲ್ಲ, ಹಾಕಿಸಿರಲಿಲ್ಲವೇ? ಮನೆಯಲ್ಲಿ ಬೇರೆ ಚಿಕ್ಕ ಮಗು ಇದೆಯೇ? ಇದ್ದು, ಅದಕ್ಕೂ ಲಸಿಕೆ ಆಗಿಲ್ಲದಿದ್ದರೆ ಮನೆಯವರೆಲ್ಲ ಮಾತ್ರೆ ನುಂಗಬೇಕು, ಆ ಮಗುವಿಗಂತೂ ಇವತ್ತೇ ಶುರು ಮಾಡಬೇಕು.

ನಾನೇ ಮುಂದೆ ಬಿದ್ದು ಹೇಳಿದೆ, ನನ್ನ ಹರಕು ಇಂಗ್ಲಿಷಿನಲ್ಲಿ. ಒಂದು ಹೆಣ್ಣುಮಗು ಇದೆ ಸರ್, ಇವಳ ಮಗಳು. ಅವಳಿಗೂ ಆಗಿಲ್ಲ. ನಮ್ಮ ಮನೆಯಲ್ಲಿ ಯಾರಿಗೂ ಹಾಕಿಸಿಲ್ಲ. ದಯವಿಟ್ಟು ಅವಳಿಗೆ ಮಾತ್ರೆ ಬರೆದುಕೊಡಿ. ಒಳಗೆ ನನ್ನ ಮಗ ಸೆಟೆದು ಮಲಗಿದ್ದಾಗ ಹೊರಗೆ ನಾನು ಅವಳ ಮಗುವಿಗಾಗಿ ಅಂಗಲಾಚುತ್ತಿದ್ದೆ.

ಡಾಕ್ಟರ್ ಪೆನ್ನು ತೆಗೆದರು.  ಇಲ್ಲದ ರೋಗಕ್ಕೆ ಮಗುವಿಗೆ ತೀಕ್ಷ್ಣವಾದ ಮಾತ್ರೆ ತಿನ್ನಿಸಲು ಯಾವ ತಾಯಿಗೆ ಮನಸ್ಸು ಬಂದೀತು? ಮಧುರಾ ತಲೆ ತಗ್ಗಿಸಿಕೊಂಡು, ವೇಗವಾಗಿ, ತಮಿಳಿನಲ್ಲಿ ಹೇಳಿದಳು. "ಅವಳುಕ್ಕು ಪೋಟ್ಟಾಚ್ಚು ಡಾಕ್ಟರ್. ಎಲ್ಲಾ ಡೋಸುಂ."

ಅವಳಿಗೆ ಹಾಕಿಸಿಯಾಗಿದೆ. ಎಲ್ಲವನ್ನೂ. ಅಷ್ಟು ತಮಿಳು ನನಗೆ ಬರುತ್ತಿತ್ತು.

ಅವಳು ನನ್ನ ಕಡೆ ನೋಡಲಿಲ್ಲ. ನಾನೂ ಕೂಗಾಡಲಿಲ್ಲ. ಕೂಗಾಡಲು ಮೈಯಲ್ಲಿ ಬಲ ಬೇಕು, ನನ್ನ ಬಲವೆಲ್ಲ ಆ ಬಾಗಿಲಿನ ಒಳಗಿತ್ತು. "ಯಾವಾಗ?" ಎಂದಷ್ಟೇ ಕೇಳಿದೆ. ಮಾಧವರಂಗೆ ಹೋದಾಗಲೆಲ್ಲ ಒಂದೊಂದು, ಅಪ್ಪ ಹಾಕಿಸಿದರು, ಎಂದಳು. "ನಿಮಗೆ ಹೇಳಬೇಕು ಅಂತ ತುಂಬಾ ಸಲ ಬಾಯಿಗೆ ಬಂತು ಅಕ್ಕಾ. ಪಂಕ್ತಿಭೇದ ಅಂತ ಮನೇಲಿ ರಗಳೆ ಆಗತ್ತೆ ಅಂತ…" ಎಂದು ಅತ್ತಳು. ಹೇಳಿದ್ದರೆ ನಾನು ಅದೇ ದಿನ ಬಳೆ ಬಿಚ್ಚುತ್ತಿದ್ದೆ. ಯಾವ ಮಾವ, ಯಾವ ಗಂಡ, ಯಾವ ಪಂಕ್ತಿ ಎಂದು ನೋಡುತ್ತಿರಲಿಲ್ಲ. ಇದನ್ನೂ ಅವಳಿಗೆ ಹೇಳಲಿಲ್ಲ. ಅವಳಿಗೇ ಗೊತ್ತಿತ್ತು.

ಮಗು ಉಳಿಯಿತು. ಮನೆಗೆ ಬಂದು ದೃಷ್ಟಿ ತೆಗೆದರು, ದೀಪ ಹಚ್ಚಿದರು, ಅತ್ತೆ ಮುರುಗನಿಗೆ ಹಾಲಿನ ಅಭಿಷೇಕ ಮಾಡಿಸಿದರು. ನಾನು ಮಗುವಿನ ಹಿಂದೆ ನಿಂತು "ಅಜ್ಜೂ" ಎಂದೆ. ತಿರುಗಲಿಲ್ಲ. ಜೋರಾಗಿ ಕರೆದೆ. ಅಡಿಗೆಮನೆಯಿಂದ ತಟ್ಟೆ ತಂದು ಸೌಟಿನಿಂದ ಬಡಿದೆ. ಬೀದಿಯಲ್ಲಿ ಹೋಗುವವರು ನಿಂತು ನೋಡಿದರು, ಮಗು ಮಾತ್ರ ನೆಲದ ಮೇಲೆ ಬಿದ್ದ ಬಿಸಿಲನ್ನು ಹಿಡಿಯಲು ನೋಡುತ್ತಾ ಕೂತಿತ್ತು. ಪರೀಕ್ಷೆಗಳಾದವು. ಎರಡು ಕಿವಿಯೂ ಹೋಗಿವೆ, ಚೂರುಪಾರು ಉಳಿದಿದೆ, ಯಂತ್ರ ಹಾಕಿದರೆ ಅಷ್ಟೋ ಇಷ್ಟೋ ಕೇಳಬಹುದು ಎಂದರು. ಬಂದಿದ್ದ ಮಾತುಗಳೂ ಒಂದೊಂದಾಗಿ ಉದುರಿದವು. ಕೊನೆಗೆ "ಬಾ" ಒಂದು ಉಳಿದಿತ್ತು. ಮಳೆಗಾಲ ಬರುವ ಹೊತ್ತಿಗೆ ಅದೂ ಹೋಯಿತು.

ಮಾವನವರನ್ನು ನಾನು ನಡುಮನೆಯಲ್ಲಿ ನಿಲ್ಲಿಸಿ ಕೇಳಿದೆ. ಸೊಸೆ ಮಾವನನ್ನು ನಿಲ್ಲಿಸಿ ಕೇಳುವ ಮನೆಯಲ್ಲ ಅದು.

"ಮಧುರಾ ಹಾಕ್ಸಿದ್ದು ನಿಮಗ ಗೊತ್ತಿತ್ತೇನ್ರೀ?"

ಸುಳ್ಳು ಹೇಳದವರು ಎಂದೆನಲ್ಲ, ಆಗಲೂ ಹೇಳಲಿಲ್ಲ. "ಗೊತ್ತಿತ್ತು ಮಾ. ಅವಳು ನನ್ನ ಕೇಳಿಯೇ ಹಾಕ್ಸಿದ್ದು. ತವರುಮನೆ ಊಟ ನಮ್ಮ ಪಂಕ್ತಿಗೆ ಸೇರಲ್ಲ, ಅಲ್ಲಿ ನಿಮ್ಮಪ್ಪ ಏನು ಬಡಿಸಿದ್ರೂ ನಾನು ಬೇಡ ಅನ್ನೋ ಹಾಗಿಲ್ಲ ಅಂತ ಅವಳಿಗೆ ಅಂದೆ. ಇಲ್ಲಿ ಮಾತಾಡಬೇಡ ಅಂದೆ."

"ನನ್ನ ತವರುಮನಿ?"

 ನನ್ನ ತವರು ಗದಗಿನಲ್ಲಿದೆ, ಅಪ್ಪ ಇಲ್ಲ, ಅಮ್ಮ ಅಣ್ಣನ ಮನೆಯ ಮೂಲೆಯಲ್ಲಿದ್ದಾಳೆ. ಇದೆಲ್ಲ ಮಾವನವರಿಗೆ ಗೊತ್ತಿಲ್ಲದ್ದೇನಲ್ಲ.

"ಎಲ್ಲಾರೂ ಒಂದೇ ಪಂಕ್ತಿ ಅಂದ್ರಿ. ಹಿತ್ತಲ ಬಾಗಲಾ ಇದ್ದವರು ಹೊರಗ ಹೋಗಿ ಉಂಡು ಬಂದ್ರು. ಪಂಕ್ತಿಯೊಳಗ ಹಸಗೊಂಡು ಕೂತಾಂವ ನನ್ನ ಮಗ ಒಬ್ಬನ." ನನ್ನ ದನಿ ಬೀದಿಗೆ ಕೇಳುತ್ತಿತ್ತು. "ನಿಮ್ಮ ಇಲಾಖಿ ದೊಡ್ಡ ಸಾಹೇಬ್ರು ತಮ್ಮ ಮೊಮ್ಮಕ್ಕಳಿಗೆ ಎಲ್ಲಿ ಉಣಿಸ್ಯಾರ, ಕೇಳ್ರಿ ಒಮ್ಮೆ."

ಅತ್ತೆ ನನ್ನ ಬಾಯಿ ಮುಚ್ಚಲು ಬಂದರು. ಮಾವನವರು ಕೈಸನ್ನೆಯಿಂದ ಅವರನ್ನು ತಡೆದರು. ಅವತ್ತಿನಿಂದ ಅವರು ಎಲ್ಲರ ಜೊತೆ ಊಟಕ್ಕೆ ಕೂರುವುದನ್ನು ಬಿಟ್ಟರು. ಕೊನೆಗೆ, ಒಬ್ಬರೇ, ಮಿಕ್ಕಿದ್ದನ್ನು ಬಡಿಸಿಕೊಂಡು ಉಣ್ಣುತ್ತಿದ್ದರು. ನನಗೆ ಕನಿಕರ ಬರಲಿಲ್ಲ. ಬರಬೇಕಿತ್ತೇನೋ.

ಮಗನಿಗೆ ಕಿವಿಯ ಯಂತ್ರ ಕೊಡಿಸಲು ಅವರೇ ಓಡಾಡಿದರು. ಆ ಕಚೇರಿ, ಈ ಕಚೇರಿ, ಹಳೆಯ ಪರಿಚಯ, ಸರದಿಯ ಸಾಲು. ಸರ್ಕಾರ ಉಚಿತವಾಗಿ ಕೊಟ್ಟಿತು. ಒಂದು ಮದುವೆ ಮಂಟಪದಲ್ಲಿ ಸಮಾರಂಭ, ಮೈಕು, ನಾದಸ್ವರ. ಕಿವಿ ಕೇಳದ ಮಕ್ಕಳ ಮುಂದೆ ನಾದಸ್ವರ! ಮಂತ್ರಿಗಳು ಬಂದು ಒಂದೊಂದು ಮಗುವನ್ನೂ ಎತ್ತಿಕೊಂಡು ಫೋಟೋ ತೆಗೆಸಿಕೊಂಡರು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಎನ್ನುತ್ತಾರೆ. ಇಲ್ಲಿ ಬಾಗಿಲಿಗೆ ಹಾರ ಹಾಕಿ, ಭಾಷಣವನ್ನೂ ಮಾಡಿದರು. ಆ ಯಂತ್ರದ ಬೆಲೆಗೆ ಎಷ್ಟು ಮಕ್ಕಳಿಗೆ ಸೂಜಿ ಹಾಕಬಹುದಿತ್ತೆಂದು ಮಾವನವರನ್ನು ಕೇಳಬೇಕೆನಿಸಿತು. ಅವರ ಮುಖ ನೋಡಿ ಬಿಟ್ಟುಬಿಟ್ಟೆ. ಆ ಲೆಕ್ಕವನ್ನು ಅವರು ಅದಾಗಲೇ ಹಾಕಿಕೊಳ್ಳುತ್ತಿದ್ದರು.

ಯಂತ್ರದ ಜೊತೆಗೆ ಮಾತು ಕಲಿಸುವ ಕ್ಲಾಸಿಗೂ ಸೇರಿಸಿದೆವು. ಟೀಚರ್ ಒಳ್ಳೆಯ ಹೆಂಗಸು, ಕಡಕ್ಕು. ಮೊದಲ ದಿನವೇ ಮನೆಯವರನ್ನೆಲ್ಲ ಕೂರಿಸಿ ಹೇಳಿದರು. ಈ ಮಗುವಿಗೆ ಒಂದು ಭಾಷೆ ಕಲಿಯುವುದೇ ಬೆಟ್ಟ ಹತ್ತಿದ ಹಾಗೆ. ಮನೆಯಲ್ಲಿ ಎರಡು ಭಾಷೆ ಆಡಿದರೆ ಒಂದೂ ಬರುವುದಿಲ್ಲ. ಇರುವುದು ಚೆನ್ನೈ, ಕ್ಲಾಸು ತಮಿಳಿನಲ್ಲಿ, ಮುಂದೆ ಸ್ಕೂಲೂ ತಮಿಳಿನಲ್ಲಿ. ಹಾಗಾಗಿ ಇನ್ನು ಇವನ ಎದುರಿಗೆ ಕನ್ನಡ ಬೇಡ.

 ಹೊರಗಿನದೇನಾದರೂ ಇರಲಿ, ಮೂರು ತಲೆಮಾರು ಕಾಪಾಡಿಕೊಂಡು ಬಂದ ಮಾತು, ಮನೆಯೊಳಗೆ ಮಕ್ಕಳ ಹತ್ತಿರ ಕನ್ನಡವೇ ಆಡಬೇಕು ಎನ್ನುತ್ತಿದ್ದ ಮಾವನವರೇ "ಆಗ್ಲಿ, ತಮಿಳೇ ಇರ್ಲಿ" ಎಂದರು.

ನಾನು ತಮಿಳು ಕಲಿಯಲು ಹಟ ಹಿಡಿದು ಕೂತೆ. ಟೀಚರ್ ಎದುರಿಗೆ ಬಾಳೆಹಣ್ಣು ತೋರಿಸಿ ಮಗನಿಗೆ ಅದರ ತಮಿಳು ಹೆಸರು ಹೇಳಿದೆ. ನಾಲಿಗೆಯನ್ನು ಹಿಂದಕ್ಕೆ ಮಡಿಸಿ ಹೇಳುವ ಆ ಒಂದು ಅಕ್ಷರ ಈ ಊರಿನವರಿಗೇ ಅರ್ಧ ಜನಕ್ಕೆ ಹೊರಳುವುದಿಲ್ಲ, ಆದರೆ ತಪ್ಪು ನನ್ನದಷ್ಟೇ ಕಾಣಿಸಿತು. ಎರಡು ತಿಂಗಳು ನೋಡಿ ಟೀಚರ್ ನನ್ನನ್ನು ಪಕ್ಕಕ್ಕೆ ಕರೆದರು. ಇವನು ತುಟಿ ನೋಡಿಕೊಂಡು ಕಲಿಯುವವನು. ನಿಮ್ಮ ತುಟಿ ಒಂದು ಹೇಳುತ್ತೆ, ನಮ್ಮದು ಇನ್ನೊಂದು ಹೇಳುತ್ತೆ, ಮಗು ಗಲಿಬಿಲಿಯಾಗುತ್ತೆ. ನೀವು ಊಟ ಮಾಡಿಸಿ, ಸ್ನಾನ ಮಾಡಿಸಿ, ಮುದ್ದು ಮಾಡಿ. ಸ್ವಲ್ಪ ಕಾಲ ಮಾತು ಮಾತ್ರ ಬೇಡ. ಮಾತಿಗೆ ಇವರು ಇರಲಿ, ಇವರ ಉಚ್ಚಾರ ಚೆನ್ನಾಗಿದೆ.

ಇವರು ಎಂದರೆ ಮಧುರಾ.

ಅವಳು ಅದನ್ನು ವ್ರತದ ಹಾಗೆ ಹಿಡಿದಳು. ದಿನಾ ಬೆಳಿಗ್ಗೆ ಕನ್ನಡಿಯ ಎದುರಿಗೆ ಅಜಿತ್‌ನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅವನ ಪುಟ್ಟ ಕೈಯನ್ನು ತನ್ನ ಗಂಟಲಿನ ಮೇಲಿಟ್ಟುಕೊಂಡು, ಬಾ, ಹೋಗು, ಹಾಲು, ಚೆಂಡು ಎಂಬುವನ್ನು ವಾ, ಪೋ, ಪಾಲ್, ಪಂದು ಎಂದು ನೂರು ಸಲ ಹೇಳುವಳು. ಪ್ರೇರಣಾ ಹಠ ಮಾಡಿದರೂ ಏಳುತ್ತಿರಲಿಲ್ಲ. ಗಂಟಲು ಕಟ್ಟಿದ ದಿನವೂ ಬಿಡಲಿಲ್ಲ. ಅವಳು ಕೆಟ್ಟವಳಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ನಾನು ಅಡಿಗೆಮನೆಯ ಬಾಗಿಲಲ್ಲಿ ತರಕಾರಿ ಹೆಚ್ಚುತ್ತಾ ಬಾಯಿ ಮುಚ್ಚಿಕೊಂಡು ಕೂರುತ್ತಿದ್ದೆ. ಮಗ ನನ್ನ ಕಡೆ ನೋಡಿದರೆ ನಗುತ್ತಿದ್ದೆ. ನಗುವುದಕ್ಕೆ ಉಚ್ಚಾರ ಬೇಕಾಗಿರಲಿಲ್ಲ.

ಒಂದೂವರೆ ವರ್ಷದಲ್ಲಿ ಅವನಿಗೆ ಮಾತು ಬಂತು. ಮಾತು ಎಂದರೆ ಹೊರಗಿನವರಿಗೆ ತಿಳಿಯುವಂಥದ್ದಲ್ಲ. ಮೂಗಿನಿಂದ, ಅಕ್ಷರ ನುಂಗಿ, ಏರುಪೇರಾಗಿ ಬರುವ ತಮಿಳು. ಟೀಚರಿಗೆ ತಿಳಿಯುತ್ತಿತ್ತು, ಮಧುರಾಳಿಗೆ ತಿಳಿಯುತ್ತಿತ್ತು. ಅವಳನ್ನು ಚಿತ್ತಿ ಎನ್ನುತ್ತಿದ್ದ, ಚಿಕ್ಕಮ್ಮ ಎಂದು. ನನ್ನನ್ನು ಅಮ್ಮಾ ಎಂದೇ ಕರೆಯುತ್ತಿದ್ದ. ಅದರ ಮುಂದೆ ಅವನು ಹೇಳುವುದು ನನಗೆ ಪೂರ್ತಿ ಹಿಡಿಯುತ್ತಿರಲಿಲ್ಲ. ಆ ಹೊತ್ತಿಗೆ ನಾನು ಅಂಗಡಿಯವರ ಹತ್ತಿರ ಚೌಕಾಸಿ ಮಾಡುವಷ್ಟು ತಮಿಳು ಕಲಿತಿದ್ದೆ. ನನ್ನ ಮಗನ ತಮಿಳು ಅಂಗಡಿಯವರ ತಮಿಳಾಗಿರಲಿಲ್ಲ. ಗೊತ್ತಾಗದಿದ್ದಾಗ ನಾನು ತಲೆಯಾಡಿಸಿ ಅವನ ಬಾಯಿಗೆ ಬಿಸ್ಕತ್ತು ಇಡುತ್ತಿದ್ದೆ. ಅವನು ಇನ್ನೊಮ್ಮೆ ಹೇಳಿ, ಸುಮ್ಮನಾಗುತ್ತಿದ್ದ.

ಮೊನ್ನೆ, ಎರಡು ಸಾವಿರದ ನಾಲ್ಕರ ಸಂಕ್ರಾಂತಿ ಕಳೆದ ಮರುವಾರ. ಅಜಿತ್ ಒಂದು ದಿನ ಎಬ್ಬಿಸಿದರೆ ಏಳಲಿಲ್ಲ, ದೋಸೆ ಮುಟ್ಟಲಿಲ್ಲ. ಇಷ್ಟದ ಗಸಗಸೆ ಪಾಯಸ ಮಾಡಿಕೊಟ್ಟರೂ ಬಟ್ಟಲು ತಳ್ಳಿದ. ಹಟವೆಂದು ಗದರಿದೆ. ಮಾರನೆಯ ದಿನ ಮೈ ಬೆಚ್ಚಗಿತ್ತು.  ಅವನನ್ನು ತೊಡೆಯ ಮೇಲೆಳೆದುಕೊಂಡು, ಗಲ್ಲ ಎತ್ತಿ, ಎಲ್ಲವನ್ನೂ ಮರೆತು ಕನ್ನಡದಲ್ಲೇ ಕೇಳಿದೆ. "ಎಲ್ಲಿ ನೋವು, ನನ್ನ ಬಂಗಾರ? ಎಲ್ಲಿ ನೋವಾಗ್ತದ?"

ಅವನು ನನ್ನ ತುಟಿಯನ್ನೇ ನೋಡಿದ. ಹುಬ್ಬು ಗಂಟಿಕ್ಕಿತು. ನನಗೆ ನೆನಪಾಗಿ ತಮಿಳಿನಲ್ಲಿ ಕೇಳಿದೆ, ನಿಧಾನವಾಗಿ, ಬಾಯಿ ಅಗಲಿಸಿ. ಅವನು ಇನ್ನೂ ಹತ್ತಿರಕ್ಕೆ ಮುಖ ತಂದು ನೋಡಿದ. ಕಣ್ಣಲ್ಲಿ ನೀರು ತುಂಬಿಕೊಂಡಿತ್ತು. ಏನೋ ಹೇಳಿದ. ನಾನು "ಏನು? ಏನು ಕಣ್ಣಾ?" ಎಂದೆ. ಮತ್ತೆ ಹೇಳಿದ. ನನಗೆ ತಿಳಿಯಲಿಲ್ಲ. ಅವನ ಹಣೆ, ಹೊಟ್ಟೆ, ಕಿವಿಯ ಹಿಂದಿನ ಯಂತ್ರ, ಎಲ್ಲವನ್ನೂ ಮುಟ್ಟಿ ಮುಟ್ಟಿ ಕೇಳಿದೆ. ಎಲ್ಲಿ ಮುಟ್ಟಿದರೂ ಅಲ್ಲ ಎಂದು ತಲೆಯಾಡಿಸಿದ.

ಆಮೇಲೆ ನನ್ನ ಕೈ ಬಿಡಿಸಿಕೊಂಡು ತೊಡೆಯಿಂದ ಇಳಿದ. ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದ ಮಧುರಾಳ ಹತ್ತಿರ ಹೋಗಿ ಅವಳ ಸೆರಗು ಎಳೆದ. ಅವಳು ಒದ್ದೆ ಕೈಯಲ್ಲೇ ಕುಕ್ಕರಗಾಲಲ್ಲಿ ಕೂತು ಅವನ ಮುಖಕ್ಕೆ ಮುಖ ಕೊಟ್ಟಳು. ಅವನು ಉದ್ದಕ್ಕೆ ಹೇಳಿದ. ನಡುವೆ ಬಿಕ್ಕಿದ, ಮತ್ತೆ ಹೇಳಿದ, ಒಮ್ಮೆ ನನ್ನ ಕಡೆ ಬೆರಳು ತೋರಿಸಿದ. ಅವಳು ಅವನ ಬಾಯಿ ತೆರೆಸಿ ಒಳಗೆ ನೋಡಿದಳು, ಕೆನ್ನೆ ಸವರಿದಳು, ಏನೋ ಸಮಾಧಾನ ಹೇಳಿದಳು. ಅವನು ಹೂಂ ಎಂದು ಅವಳ ಭುಜಕ್ಕೆ ಒರಗಿಕೊಂಡ.

"ಏನಂತ?" ನಾನು ಬಾಗಿಲಲ್ಲೇ ನಿಂತು ಕೇಳಿದೆ.

ಮಧುರಾ ನನ್ನ ಮುಖ ನೋಡದೆ ಹೇಳಿದಳು. "ಹಲ್ಲು ನೋವಂತೆ ಅಕ್ಕಾ. ಒಳಗಡೆ ದವಡೆ ಊದಿದೆ."

"ಮತ್ತ ನನ್ನ ಕಡೆ ಬೆರಳು ಮಾಡಿ ಏನಂದ?"

ಅವಳು ಅವನ ಬೆನ್ನು ತಟ್ಟುತ್ತಲೇ ಇದ್ದಳು.

"ಅಮ್ಮನಿಗೆ ನಿನ್ನೆಯಿಂದ ಹೇಳ್ತಾನೇ ಇದೀನಿ, ಅಮ್ಮನಿಗೆ ಕಿವಿ ಕೇಳಲ್ಲ ಅಂದ."